ಶಪುರಿ: ಕಾಡು ಯಾರದು ಎಂದು ಕೇಳಿದ ಹೊಳೆದಂಡೆಯ ಊರು

ಸುಳ್ಯ, ಪುತ್ತೂರು, ಕಡಬದ ಕಡೆ ಹೋದವರು ರಬ್ಬರ್ ತೋಟ ನೋಡಿರುತ್ತೀರಿ. ಸಾಲು ಮರ, ತೊಗಟೆಯಲ್ಲಿ ಓರೆ ಗೀರು, ಕೆಳಗೆ ಹಾಲು ತುಂಬಲು ಕಟ್ಟಿದ ಬಟ್ಟಲು. ಈ ಮರದ ತವರು ದಕ್ಷಿಣ ಅಮೆರಿಕದ ಅಮೆಜಾನ್ ಕಾಡು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವನು ಅಲ್ಲಿಂದ ಸುಮಾರು 70 ಸಾವಿರ ಬೀಜಗಳನ್ನು ಲಂಡನ್ನಿಗೆ ಒಯ್ದ. ಅಲ್ಲಿ ಮೊಳೆತ ಸಸಿಗಳು ಸಿಲೋನಿಗೂ ಮಲಯಕ್ಕೂ ಬಂದವು. ಏಷ್ಯಾದ ತೋಟಗಳಲ್ಲಿರುವ ಬಹುಪಾಲು ಮರಗಳು ಅವುಗಳ ಸಂತತಿ.

ಇವತ್ತಿನ ಕಥೆ ಆ ತವರಿನ ಒಂದು ಊರಿನದು. ಹೆಸರು ಶಪುರಿ. ಬ್ರೆಜಿಲ್ ದೇಶದ ಪಶ್ಚಿಮದ ತುದಿ, ಆಕ್ರಿ ರಾಜ್ಯ, ಬೊಲಿವಿಯಾ ಗಡಿಗೆ ಹತ್ತಿರ. ಶಪುರಿ ಹೊಳೆ ಆಕ್ರಿ ನದಿಗೆ ಸೇರುವಲ್ಲಿ ಪೇಟೆಯಿದೆ. ಅಲ್ಲಿನ ಮುನಿಸಿಪಾಲಿಟಿ ಎಂದರೆ ನಮ್ಮ ತಾಲ್ಲೂಕಿನ ಹಾಗೆ, ಸುತ್ತಲಿನ ಕಾಡೂ ಅದಕ್ಕೆ ಸೇರುತ್ತದೆ. ವಿಸ್ತೀರ್ಣದಲ್ಲಿ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗಿಂತ ದೊಡ್ಡದು. ಜನ ಮಾತ್ರ ಸುಮಾರು 18 ಸಾವಿರ.

ಈ ಜನರಲ್ಲಿ ಅನೇಕರ ಹಿರಿಯರು ಬರಗಾಲದಿಂದ ಓಡಿ ಬಂದವರು. 1877ರಲ್ಲಿ ಬ್ರೆಜಿಲ್‌ನ ಈಶಾನ್ಯ ಭಾಗಕ್ಕೆ ಭೀಕರ ಬರ ಬಂತು. ಆಗಿನಿಂದ ಸಾವಿರಾರು ಜನ ದೋಣಿ ಹತ್ತಿ ರಬ್ಬರ್ ಇಳಿಸುವ ಕೂಲಿಗೆ ಈ ಕಾಡಿಗೆ ಬಂದರು. ಆಗ ಈ ನೆಲ ಬೊಲಿವಿಯಾದ್ದು. 1902ರ ಆಗಸ್ಟ್ 6, ಬೊಲಿವಿಯಾದ ಸ್ವಾತಂತ್ರ್ಯ ದಿನ. ಅಂದು ಬೆಳಗಿನ ಜಾವ ಪ್ಲಾಸಿಡೊ ಡಿ ಕ್ಯಾಸ್ಟ್ರೊ ತನ್ನ ಜನರೊಂದಿಗೆ ಶಪುರಿಯ ಸರ್ಕಾರಿ ಕಚೇರಿಗೆ ನುಗ್ಗಿದ. ನಿದ್ದೆಗಣ್ಣಿನಲ್ಲಿ ಎದ್ದ ಅಧಿಕಾರಿ, ಹಬ್ಬಕ್ಕೆ ಇಷ್ಟು ಬೇಗ ಬಂದಿರಾ ಎಂದು ಕೇಳಿದನಂತೆ. ಇದು ಹಬ್ಬವಲ್ಲ, ಕ್ರಾಂತಿ ಎಂಬ ಉತ್ತರ ಬಂತಂತೆ. ಮರುವರ್ಷ ಒಪ್ಪಂದವಾಗಿ ಆಕ್ರಿ ಬ್ರೆಜಿಲ್‌ಗೆ ಸೇರಿತು.

ದೇಶ ಬದಲಾಯಿತು, ಕೂಲಿಯವನ ಪಾಡು ಬದಲಾಗಲಿಲ್ಲ. ಹಿಟ್ಟು, ಉಪ್ಪು, ಸೀಮೆಎಣ್ಣೆ ಎಲ್ಲವನ್ನೂ ಧಣಿಯ ಅಂಗಡಿಯಿಂದಲೇ ಸಾಲಕ್ಕೆ ತರಬೇಕು. ರಬ್ಬರನ್ನು ಧಣಿಗೇ ಮಾರಬೇಕು. ಲೆಕ್ಕ ಬರೆಯುವವನೂ ಧಣಿಯೇ. ಕೂಲಿಯವರಿಗೆ ಓದು ಬರುತ್ತಿರಲಿಲ್ಲ, ಮಕ್ಕಳಿಗೆ ಶಾಲೆಯೂ ಇರಲಿಲ್ಲ. ಹಾಗಾಗಿ ಸಾಲ ತೀರುತ್ತಿರಲಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಅಮೆಜಾನ್‌ನಲ್ಲಿ ರಬ್ಬರ್ ಮರಗಳನ್ನು ನಮ್ಮಲ್ಲಿಯ ಹಾಗೆ ಒತ್ತಾಗಿ ನೆಟ್ಟರೆ ಎಲೆಗೆ ಶಿಲೀಂಧ್ರ ರೋಗ ಹತ್ತಿ ತೋಟವೇ ಹಾಳಾಗುತ್ತದೆ. ಅಲ್ಲಿ ಮರಗಳು ಕಾಡಿನೊಳಗೆ ಚದುರಿಕೊಂಡೇ ಬದುಕುತ್ತವೆ. ರಬ್ಬರ್ ಇಳಿಸುವವನು ಕಾಲುದಾರಿ ಹಿಡಿದು ಮರದಿಂದ ಮರಕ್ಕೆ ನಡೆಯುತ್ತಾನೆ. ಮಳೆಗಾಲದಲ್ಲಿ ಉದುರುವ ಬ್ರೆಜಿಲ್ ನಟ್ ಕಾಯಿ ಆಯುತ್ತಾನೆ. ಕಾಡು ಹೋದರೆ ಅವನ ಅನ್ನವೂ ಹೋಯಿತು.

1970ರ ದಶಕದಲ್ಲಿ ಅದೇ ಆಗತೊಡಗಿತು. ಮಿಲಿಟರಿ ಸರ್ಕಾರ ದನ ಸಾಕುವ ಶ್ರೀಮಂತರಿಗೆ ರಿಯಾಯಿತಿ ಕೊಟ್ಟು ಕರೆತಂದಿತು. ಕಾಡು ಸುಟ್ಟು ಹುಲ್ಲುಗಾವಲು ಮಾಡಿದರು. ತಲೆಮಾರುಗಳಿಂದ ಅಲ್ಲೇ ಇದ್ದವರ ಕೈಯಲ್ಲಿ ಪತ್ರವಿರಲಿಲ್ಲ. ಅವರನ್ನು ಒಕ್ಕಲೆಬ್ಬಿಸಿದರು.

ಜನ ಸಂಘ ಕಟ್ಟಿದರು. ಶಪುರಿಯ ಸಂಘ ಹುಟ್ಟಿದ್ದು 1977ರಲ್ಲಿ. ಅದರ ಮುಖಂಡ ಚಿಕೊ ಮೆಂಡೆಸ್ ಚಿಕ್ಕಂದಿನಿಂದ ರಬ್ಬರ್ ಇಳಿಸಿದವನು, ಹದಿಹರೆಯ ಮುಗಿಯುವ ಹೊತ್ತಿಗೆ ಅಕ್ಷರ ಕಲಿತವನು. ಅವರ ಹೋರಾಟಕ್ಕೆ ‘ಎಂಪಾಚಿ’ ಎಂಬ ಹೆಸರು. ಗಂಡಸರು, ಹೆಂಗಸರು, ಮಕ್ಕಳು ಒಟ್ಟಾಗಿ ಮರ ಕಡಿಯುವ ಜಾಗಕ್ಕೆ ಹೋಗಿ ಅಡ್ಡ ನಿಲ್ಲುವುದು. ಗರಗಸ ಹಿಡಿದವನೂ ಬಡವನೇ, ಅವನೊಡನೆ ಮಾತಾಡಿ ಕೆಲಸ ನಿಲ್ಲಿಸುವುದು.

1985ರಲ್ಲಿ ಇವರು ರಾಜಧಾನಿ ಬ್ರಸಿಲಿಯಾದಲ್ಲಿ ಸಭೆ ಸೇರಿ ಒಂದು ಹೊಸ ಬೇಡಿಕೆ ಇಟ್ಟರು. ನಮಗೆ ಕಾಡನ್ನು ತುಂಡು ಮಾಡಿ ಪಟ್ಟಾ ಕೊಡಬೇಡಿ. ಭೂಮಿ ಸರ್ಕಾರದ್ದೇ ಇರಲಿ, ಅದನ್ನು ಬಳಸಿ ಬದುಕುವ ಹಕ್ಕು ನಮಗಿರಲಿ, ಯಾರೂ ಮಾರುವಂತಿರಬಾರದು.

1988ರ ಡಿಸೆಂಬರ್ 22ರ ಸಂಜೆ ಚಿಕೊ ಸ್ನಾನಕ್ಕೆಂದು ಮನೆಯ ಹಿಂಬಾಗಿಲು ತೆರೆದಾಗ ಗುಂಡು ಹಾರಿತು. ಕಾವಲಿಗೆ ಪೊಲೀಸರು ಮನೆಯೊಳಗೇ ಇದ್ದರು. ಚಿಕೊಗೆ 44 ವರ್ಷ ತುಂಬಿ ಒಂದೇ ವಾರವಾಗಿತ್ತು. ದನಗಳ ಒಡೆಯನೊಬ್ಬನಿಗೂ ಅವನ ಮಗನಿಗೂ 1990ರಲ್ಲಿ 19 ವರ್ಷ ಜೈಲು ಶಿಕ್ಷೆಯಾಯಿತು. ಅದೇ ವರ್ಷ ಮಾರ್ಚ್‌ನಲ್ಲಿ 9 ಲಕ್ಷ ಹೆಕ್ಟೇರಿಗೂ ಹೆಚ್ಚು ಕಾಡು ಚಿಕೊ ಮೆಂಡೆಸ್ ಹೆಸರಿನ ಮೀಸಲು ಪ್ರದೇಶವಾಯಿತು. ಅದರ ಒಂದು ಭಾಗ ಶಪುರಿಯಲ್ಲಿದೆ. ಜನರನ್ನು ಹೊರಗೆ ಹಾಕಿ ಬೇಲಿ ಹಾಕಿದ ಕಾಡಲ್ಲ ಅದು, ಜನ ಒಳಗಿದ್ದೇ ಬಾಳುವ ಕಾಡು.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಲಿಲ್ಲ. ರಬ್ಬರಿಗೆ ಬೆಲೆ ಬಿದ್ದಾಗ ಮೀಸಲು ಪ್ರದೇಶದೊಳಗಿನ ಕುಟುಂಬಗಳೇ ದನ ಸಾಕತೊಡಗಿದವು. ಕಾಯಿಲೆ ಬಂದರೆ ಒಂದು ದನ ಮಾರಿದರೆ ಕೈಗೆ ದುಡ್ಡು ಸಿಗುತ್ತದೆ. ಮರದ ಹಾಲಿಗೆ ಅಂಥ ಬೆಲೆಯಿಲ್ಲ. ಕಾಡಿನ ರಬ್ಬರಿಗೆ ಮಾರುಕಟ್ಟೆ ಕೊಡಲು 2008ರಲ್ಲಿ ಸರ್ಕಾರ ಶಪುರಿಯಲ್ಲಿ ಕಾಂಡೋಮ್ ಕಾರ್ಖಾನೆಯನ್ನೂ ತೆರೆಯಿತು. ಆದರೂ ಹುಲ್ಲುಗಾವಲು ಹಬ್ಬುತ್ತಲೇ ಹೋಯಿತು.

ಬ್ರೆಜಿಲ್ ನಟ್ ಮರ ಕಡಿಯುವುದು ಅಲ್ಲಿ ಕಾನೂನಿಗೆ ವಿರುದ್ಧ. ಅದಕ್ಕೇ ಹುಲ್ಲುಗಾವಲಿನ ನಡುವೆ ಆ ಮರಗಳು ಒಂಟಿಯಾಗಿ ನಿಂತಿರುತ್ತವೆ. ಹೂವಿಗೆ ಬರುವ ಕಾಡುಜೇನು ಇಲ್ಲದೆ ಅವು ಸರಿಯಾಗಿ ಕಾಯಿ ಬಿಡುವುದಿಲ್ಲ. ಶಪುರಿಯವರು ಕೇಳಿದ್ದು ಒಂಟಿ ಮರಕ್ಕೆ ರಕ್ಷಣೆಯನ್ನಲ್ಲ. ಮರ, ಜೇನು, ಅದರ ಕಾಯಿ ಆಯುವ ಮನುಷ್ಯ ಎಲ್ಲರೂ ಒಟ್ಟಿಗೆ ಉಳಿಯಬೇಕು ಎಂದು.