ಇಟಲಿಯ ಹಳೆಯ ಮೊಪೆಡ್‌ಗಳ ಬಿಡಿಭಾಗಗಳು

ಎರಡನೆಯ ಮಹಾಯುದ್ಧದ ಕೊನೆಯಿಂದ ಈ ಶತಮಾನದ ಮೊದಲ ವರ್ಷಗಳವರೆಗೆ ಇಟಲಿಯಲ್ಲಿ ತಯಾರಾದ, 50 ಸಿಸಿ ಮೀರದ ಎಂಜಿನ್ನಿನ ಪೆಡಲ್ ಗಾಡಿಗಳಿಗೆ ಬೇಕಾಗುವ ಭಾಗಗಳು. ಅವುಗಳ ತಯಾರಿಕೆ, ವ್ಯಾಪಾರ ಮತ್ತು ಹುಡುಕಾಟದ ಇತಿಹಾಸ. ಇಂಥ ಗಾಡಿಗೆ ಇಟಾಲಿಯನ್ನರು ಚಿಕ್ಲೊಮೊತೊರೆ ಎನ್ನುತ್ತಾರೆ. ಇಟಲಿಯ ಮೊಪೆಡ್ ಒಂದೇ ಕಾರ್ಖಾನೆಯ ಕೂಸಾಗಿದ್ದುದು ಅಪರೂಪ. ಟ್ಯಾಂಕಿನ ಮೇಲಿನ ಹೆಸರು ಒಬ್ಬರದು, ಎಂಜಿನ್ ಇನ್ನೊಬ್ಬರದು, ಕಾರ್ಬ್ಯುರೇಟರ್ ಮೂರನೆಯವರದು, ಮ್ಯಾಗ್ನೆಟ್ ನಾಲ್ಕನೆಯವರದು. ಆದ್ದರಿಂದ ಬಿಡಿಭಾಗ ಹುಡುಕುವವರು ಟ್ಯಾಂಕನ್ನು ಬಿಟ್ಟು ಭಾಗದ ಮೇಲಿನ ಅಚ್ಚನ್ನು ಓದುವುದು ರೂಢಿ. ಕಂಪನಿ ಮುಚ್ಚಿ ನಲವತ್ತು ವರ್ಷ ಕಳೆದ ಗಾಡಿ ಇಂದಿಗೂ ಓಡುವುದಕ್ಕೂ, ದೊಡ್ಡ ಹೆಸರಿನ ಗಾಡಿ ಒಂದು ಗೇರಿಲ್ಲದೆ ಮೂಲೆ ಹಿಡಿಯುವುದಕ್ಕೂ ಕಾರಣ ಇಲ್ಲೇ ಇದೆ.

ಮೊದಲು ಬಂದದ್ದು ಗಾಡಿಯಲ್ಲ, ಸೈಕಲ್ಲಿಗೆ ಕಟ್ಟುವ ಎಂಜಿನ್. ಟ್ಯೂರಿನ್ನಿನ ವಕೀಲ ಆಲ್ದೊ ಫರಿನೆಲ್ಲಿ ಯುದ್ಧದ ನಡುವೆಯೇ 48 ಸಿಸಿಯ ನಾಲ್ಕು ಸ್ಟ್ರೋಕಿನ ಪುಟ್ಟ ಎಂಜಿನ್ನೊಂದನ್ನು ರೂಪಿಸಿದ. ಅದರ ಸೈಲೆನ್ಸರಿನ ಸದ್ದು ನಾಯಿಮರಿ ಬೊಗಳಿದಂತಿತ್ತಂತೆ. ಹೆಸರೂ ಅದೇ ಆಯಿತು, ಕುಚ್ಚೊಲೊ, ಅಂದರೆ ನಾಯಿಮರಿ. ಟ್ಯೂರಿನ್ನಿನ ಸಿಯಾತಾ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಬೇಡಿಕೆ ಕೈಮೀರಿದಾಗ 1946ರಲ್ಲಿ ಬೊಲೊನ್ಯಾದ ಬೊರ್ಗೊ ಪನಿಗಾಲೆಯಲ್ಲಿದ್ದ ಡುಕಾಟಿ ತಯಾರಿಕೆಗೆ ಇಳಿಯಿತು. 1926ರಲ್ಲಿ ರೇಡಿಯೋ ಸಲಕರಣೆ ಮಾಡಲು ಹುಟ್ಟಿದ, 1944ರ ಅಕ್ಟೋಬರಿನ ಬಾಂಬ್ ದಾಳಿಯಲ್ಲಿ ನೆಲಕಚ್ಚಿದ ಡುಕಾಟಿಯನ್ನು ಎರಡು ಚಕ್ರದ ಹಾದಿಗೆ ತಂದದ್ದು ಈ ನಾಯಿಮರಿಯೇ. ಕುಚ್ಚೊಲೊದ ವಾಲ್ವ್‌ಗಳನ್ನು ತೆರೆಯುವುದು ತಳ್ಳುವ ಕಡ್ಡಿಯಲ್ಲ, ಎಳೆಯುವ ಕಡ್ಡಿ. ಗೇರ್ ಆಯ್ಕೆಗೆ ಪೆಡಲ್ ನಿಂತ ಭಂಗಿಯನ್ನೇ ಬಳಸಿಕೊಂಡಿದ್ದರು. ಇಷ್ಟು ಜಾಣ ಯಂತ್ರಕ್ಕೆ ಬಿಡಿಭಾಗ ಸಿಗುವುದು ಅಷ್ಟೇ ಕಷ್ಟ. ಬೇರೆ ಯಾವ ಎಂಜಿನ್ನಿನ ಭಾಗವೂ ಅದಕ್ಕೆ ಕೂರುವುದಿಲ್ಲ. ಅದೇ ಕಾಲದ ಮಿಲಾನಿನ ಮೊತೋಮ್ 48 ಕೂಡ ನಾಲ್ಕು ಸ್ಟ್ರೋಕಿನದು. ಅದರ ಕಷ್ಟವೂ ಇದೇ.

1946ರಲ್ಲೇ ಬಂದ ಗರೆಲ್ಲಿಯ ಮೊಸ್ಕೀತೊ ಇದಕ್ಕೆ ತದ್ವಿರುದ್ಧ. ಹೆಸರಿನ ಅರ್ಥ ಸೊಳ್ಳೆ. 38 ಸಿಸಿಯ ಎರಡು ಸ್ಟ್ರೋಕಿನ ಎಂಜಿನ್ ಪೆಡಲಿನ ಅಚ್ಚಿನ ಕೆಳಗೆ ತೂಗಿ, ಒಂದು ರೋಲರನ್ನು ಹಿಂದಿನ ಟೈರಿಗೆ ಒತ್ತಿ ಚಕ್ರ ತಿರುಗಿಸುತ್ತಿತ್ತು. ಮಳೆ ಬಂದರೆ ರೋಲರ್ ಜಾರುತ್ತಿತ್ತು, ಬಿಸಿಲಿದ್ದರೆ ಟೈರು ಸವೆಯುತ್ತಿತ್ತು. ಆದರೆ ಸವೆದ ರೋಲರಿಗೆ ಯಾವ ಕಂಪನಿಯ ಅಪ್ಪಣೆಯೂ ಬೇಡ, ಲೇತ್ ಇರುವ ಯಾವ ಕಾರ್ಖಾನೆಯಲ್ಲಾದರೂ ಹೊಸದು ಕಡೆದುಕೊಡುತ್ತಾರೆ. ಹುಡುಕಬೇಕಾದ್ದು ಯಾವುದು, ಮಾಡಿಸಿಕೊಳ್ಳಬಹುದಾದ್ದು ಯಾವುದು ಎಂಬ ವಿಂಗಡಣೆ ಈ ಹವ್ಯಾಸದಲ್ಲಿ ಮೊದಲ ದಿನದಿಂದಲೂ ಇದೆ.

1959ರ ಇಟಲಿಯ ರಸ್ತೆ ಸಂಹಿತೆ ಚಿಕ್ಲೊಮೊತೊರೆಗೆ ಲಕ್ಷಣ ಕಟ್ಟಿಕೊಟ್ಟಿತು: 50 ಸಿಸಿ ಒಳಗಿನ ಎಂಜಿನ್, ಒಂದೂವರೆ ಅಶ್ವಶಕ್ತಿ, ಗಂಟೆಗೆ 40 ಕಿಲೋಮೀಟರ್ ವೇಗ. ಆಗ ಲೈಸೆನ್ಸ್ ಬೇಕಿರಲಿಲ್ಲ, ನಂಬರ್ ಪ್ಲೇಟ್ ಬೇಕಿರಲಿಲ್ಲ, ಹದಿನಾಲ್ಕು ತುಂಬಿದ್ದರೆ ಸಾಕಿತ್ತು. ಹೈಸ್ಕೂಲು ಹುಡುಗರಿಂದ ಪಾದ್ರಿಗಳವರೆಗೆ ಎಲ್ಲರೂ ಕೊಳ್ಳುವವರಾದರು. ಮಾರುವವರೂ ಅಷ್ಟೇ ಹೆಚ್ಚಿದರು, ಏಕೆಂದರೆ ಮೊಪೆಡ್ ಮಾಡಲು ಎಂಜಿನ್ ಕಾರ್ಖಾನೆ ಬೇಕಿರಲಿಲ್ಲ. ಕೊಳವೆ ಬೆಸೆದು ಚೌಕಟ್ಟು ಮಾಡಲು ಬಂದರೆ ಉಳಿದುದನ್ನೆಲ್ಲ ಸುತ್ತಮುತ್ತ ಕೊಳ್ಳಬಹುದಿತ್ತು. ಬೊಲೊನ್ಯಾದಲ್ಲಿ ವಿತ್ತೋರಿಯೊ ಮಿನರೆಲ್ಲಿ ಮತ್ತು ಫ್ರಾಂಕೊ ಮೊರೀನಿ ಸೇರಿ 1951ರಲ್ಲಿ ಒಂದು ಕಾರ್ಖಾನೆ ತೆರೆದರು. ಆ ದಶಕದ ನಡುವಿನಲ್ಲಿ ಬೇರೆಯಾಗಿ ಇಬ್ಬರೂ ಎಂಜಿನ್ ತಯಾರಕರಾಗಿಯೇ ಬೆಳೆದರು. ಅವರಿಬ್ಬರ ಎಂಜಿನ್ ಹೊತ್ತ ಗಾಡಿಗಳ ಹೆಸರು ಬರೆಯುತ್ತ ಹೋದರೆ ಪುಟವೇ ತುಂಬುತ್ತದೆ. ಮಲಗೂತಿ, ತೆಸ್ತಿ, ಇಟಾಲ್‌ಜೆಟ್, ಫಾಂಟಿಕ್, ಚಿಮಾತ್ತಿ ಅವುಗಳಲ್ಲಿ ಕೆಲವು.

ಚಿಮಾತ್ತಿಯ ಕತೆ ಒಳ್ಳೆಯ ನಿದರ್ಶನ. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಸೈಕಲ್ ಓಟದ ತಂಡ ಸ್ಪರ್ಧೆಯ ಚಿನ್ನ ಗೆದ್ದ ಮಾರ್ಕೊ ಚಿಮಾತ್ತಿ 1937ರಲ್ಲಿ ಸ್ಥಾಪಿಸಿದ ಕಂಪನಿ ಅದು. ಸೈಕಲ್ಲಿನಿಂದ ಮೊಪೆಡ್ಡಿಗೆ ಬಂದು 1984ರಲ್ಲಿ ಬಾಗಿಲು ಹಾಕಿತು. ಈಗ ಚಿಮಾತ್ತಿ ಸಿಟಿ ಬೈಕ್ ಇಟ್ಟುಕೊಂಡವರು ಕಂಪನಿಗಾಗಿ ಕಣ್ಣೀರಿಡಬೇಕಾಗಿಲ್ಲ. ಅದರ ಎಂಜಿನ್ ಮಿನರೆಲ್ಲಿ ವಿ1 ಆಗಿದ್ದರೆ, ಅದೇ ಎಂಜಿನ್ ಹೊತ್ತ ಇನ್ನಷ್ಟು ಹೆಸರುಗಳ ಗಾಡಿಗಳಿಗೆ ಸಿಗುವ ಪಿಸ್ಟನ್, ಗ್ಯಾಸ್ಕೆಟ್, ಕ್ಲಚ್ ಎಲ್ಲವೂ ಅದಕ್ಕೂ ಸಿಗುತ್ತದೆ. ಕಾರ್ಬ್ಯುರೇಟರ್ ಮಿಲಾನಿನ ಉತ್ತರಕ್ಕೆ ಸೆರೆನ್ಯೊದಲ್ಲಿ 1933ರಲ್ಲಿ ಹುಟ್ಟಿದ ಡೆಲ್ಲೋರ್ತೊ ಕಂಪನಿಯದು. ಬ್ರೇಕಿನ ಡ್ರಮ್ಮು ಗ್ರಿಮೆಕಾದ್ದು, ದೀಪ ಚೆವ್ ಕಂಪನಿಯದು, ಮೀಟರ್ ವೇಲ್ಯಾ ಬೊರ್ಲೆತ್ತಿಯದು, ಕಿಡಿಯ ಮ್ಯಾಗ್ನೆಟ್ ಡಾನ್ಸಿ ಅಥವಾ ಡುಕಾಟಿಯದು. ಮೋಟರ್‌ಸೈಕಲ್ಲಿನ ಡುಕಾಟಿ ಮತ್ತು ವಿದ್ಯುತ್ ಸಲಕರಣೆಯ ಡುಕಾಟಿ 1950ರ ದಶಕದಲ್ಲೇ ಬೇರೆಯಾದವು. ಮೊಪೆಡ್ಡಿನೊಳಗೆ ಡುಕಾಟಿ ಎಂಬ ಅಚ್ಚು ಕಂಡು ಹಿಗ್ಗುವವರಿಗೆ ಇದನ್ನು ಹೇಳಿ ನಿರಾಸೆಪಡಿಸುವುದು ಹಳಬರಿಗೆ ಒಂದು ಖುಷಿ.

ಈ ಹಂಚಿಕೆಯ ಲೋಕದಿಂದ ಹೊರಗೆ, ಬಹುಪಾಲು ತನ್ನದೇ ಅಳತೆಗಳಲ್ಲಿ ನಿಂತದ್ದು ಪಿಯಾಜ್ಯೊ. ಪೊಂತೆದೇರಾದ ಈ ಕಂಪನಿ ವೆಸ್ಪಾದ ಯಶಸ್ಸಿನ ಮೇಲೆ 1967ರಲ್ಲಿ ಚಾವೊ ಎಂಬ ಮೊಪೆಡ್ ತಂದಿತು. ಸುಮಾರು 40 ಕಿಲೋ ತೂಕ, ಒತ್ತಿ ಮಾಡಿದ ತಗಡಿನ ಚೌಕಟ್ಟು, ಚೌಕಟ್ಟಿನ ಹೊಟ್ಟೆಯಲ್ಲೇ ಪೆಟ್ರೋಲು, ಅಡ್ಡ ಮಲಗಿದ ಸಿಲಿಂಡರ್, ಹಿಂಚಕ್ರಕ್ಕೆ ಬೆಲ್ಟು. ಎಂಜಿನ್ನನ್ನು ಬಿಡಿಸಿಕೊಂಡು ಬರಿಯ ಸೈಕಲ್ಲಿನಂತೆ ತುಳಿಯಲೂ ಬರುತ್ತಿತ್ತು. 2006ರವರೆಗೆ ತಯಾರಾದ ಚಾವೊ 30 ಲಕ್ಷಕ್ಕೂ ಮೇಲೆ ಮಾರಾಟವಾಯಿತು. ಜೊತೆಗೆ ಬಾಕ್ಸರ್, ಬ್ರಾವೊ, ಸೀ ಎಂಬ ಒಡಹುಟ್ಟುಗಳೂ ಬಂದವು. ಇಷ್ಟು ಗಾಡಿಗಳಿದ್ದ ಮೇಲೆ ಭಾಗಗಳಿಗೆ ಬರವಿಲ್ಲ. ಇಲ್ಲಿ ಕಾಡುವುದು ಒಳಭೇದ. ಚಾವೊದ ಪಿಸ್ಟನ್ ಪಿನ್ನು ಕೆಲವು ಎಂಜಿನ್ನುಗಳಲ್ಲಿ 10 ಮಿಲಿಮೀಟರ್, ಇನ್ನು ಕೆಲವುಗಳಲ್ಲಿ 12. ಇಟಲಿಯ ಅಂಗಡಿಯಲ್ಲಿ ಚಾವೊ ಪಿಸ್ಟನ್ ಕೇಳಿದರೆ ಮರುಪ್ರಶ್ನೆ ಒಂದೇ: ಸ್ಪಿನೊಟ್ಟೊ, ಅಂದರೆ ಪಿನ್ನು, ಹತ್ತೋ, ಹನ್ನೆರಡೋ? ತಿಳಿಯದೆ ತಂದವರ ಕೈಯಲ್ಲಿ ಕ್ರ್ಯಾಂಕಿಗೆ ಕೂರದ ಪಿಸ್ಟನ್ ಉಳಿಯುತ್ತದೆ. ಮೂಲ ಬೋರ್ 38.2 ಮಿಲಿಮೀಟರ್. ಸವೆದಂತೆ ಬೋರ್ ಹಾಕಿಸಿ 38.4, 38.6 ಎಂದು ಓವರ್‌ಸೈಜ್ ಪಿಸ್ಟನ್ ಏರಿಸುತ್ತ ಹೋಗಬಹುದು. ಏರಿಸಲಾಗದ ಭಾಗವೂ ಒಂದಿದೆ. ಈ ಎಂಜಿನ್ನಿನಲ್ಲಿ ಪೆಟ್ರೋಲು ಗಾಳಿಯ ಮಿಶ್ರಣವನ್ನು ಒಳಬಿಡುವ ಬಾಗಿಲು ಕ್ರ್ಯಾಂಕಿನ ತಟ್ಟೆಯೇ; ಅದು ಕ್ರ್ಯಾಂಕ್‌ಕೇಸಿನ ಗೋಡೆಗೆ ಕೂದಲೆಳೆಯಷ್ಟು ಸಂದಿಯಲ್ಲಿ ತಿರುಗುತ್ತದೆ. ಒಡೆದ ಬೇರಿಂಗಿನ ಚೂರೊಂದು ಆ ಗೋಡೆಯನ್ನು ಗೀಚಿತೆಂದರೆ ಪಿಸ್ಟನ್ ಬದಲಿಸಿ ಫಲವಿಲ್ಲ, ಕೇಸೇ ಬೇಕು. ಹಾಗಾಗಿ ಗುಜರಿಯಲ್ಲಿ ಚಾವೊ ಎಂಜಿನ್ ಕಂಡಾಗ ಬಲ್ಲವರು ಹೊರಗಿನ ಹೊಳಪು ನೋಡುವುದಿಲ್ಲ, ಕಾರ್ಬ್ಯುರೇಟರ್ ಬಿಚ್ಚಿ ಆ ಕಿಂಡಿಗೆ ಟಾರ್ಚ್ ಹಿಡಿಯುತ್ತಾರೆ.

ಕನ್ನಡಿಗರಿಗೆ ಚಾವೊ ಪರಿಚಯವಾದದ್ದು ಬೇರೆ ಹೆಸರಿನಲ್ಲಿ. ಪುಣೆಯ ಕೈನೆಟಿಕ್ ಎಂಜಿನಿಯರಿಂಗ್ ಪಿಯಾಜ್ಯೊದಿಂದ ಪರವಾನಗಿ ಪಡೆದು 1972ರಲ್ಲಿ ತಂದ ಲೂನಾ ಮೂಲತಃ ಚಾವೊವೇ. ಮೇಷ್ಟರು, ಪೋಸ್ಟ್‌ಮ್ಯಾನ್, ಹಾಲಿನವರು, ಎಲ್ಲರ ಮನೆಯಂಗಳದಲ್ಲೂ ಲೂನಾ ನಿಂತಿದ್ದ ಕಾಲವೊಂದಿತ್ತು. ಒಬ್ಬರಿಗೆಂದು ರೂಪುಗೊಂಡ ಇಟಲಿಯ ಗಾಡಿ ಇಲ್ಲಿ ಇಬ್ಬರನ್ನೂ, ಮೇಲೊಂದು ಮೂಟೆಯನ್ನೂ ಹೊರಬೇಕಾಯಿತು. ಟಿಎಫ್‌ಆರ್, ಸೂಪರ್, ಡಬಲ್ ಪ್ಲಸ್ ಎಂದು ಮಾದರಿಗಳು ಬದಲಾದಂತೆ ಮೂಲದಿಂದ ದೂರವೂ ಸರಿಯಿತು. ಲೂನಾದ ಭಾಗ ಚಾವೊಗೆ, ಚಾವೊದ್ದು ಲೂನಾಗೆ ಕೂರುತ್ತದೆಂಬ ಮಾತನ್ನು ಆದ್ದರಿಂದ ವರ್ನಿಯರ್ ಹಿಡಿದು ಅಳೆಯದೆ ನಂಬುವಂತಿಲ್ಲ. ಇಟಲಿಯ ಗಾಡಿಗಳಿಗೆ ಭಾರತ ಬಿಡಿಭಾಗದ ಕಣಜವಾದದ್ದು ನಿಜವಾಗಿ ಸ್ಕೂಟರಿನಲ್ಲಿ. ಇನೊಚೆಂತಿ ಕಂಪನಿಯ ಲ್ಯಾಂಬ್ರೆಟಾ ಯಂತ್ರೋಪಕರಣಗಳು 1970ರ ದಶಕದಲ್ಲಿ ಲಕ್ನೋದ ಸ್ಕೂಟರ್ಸ್ ಇಂಡಿಯಾಕ್ಕೆ ಬಂದವು. ಅಲ್ಲಿ ಮಾಡಿದ ಭಾಗಗಳನ್ನು ಯುರೋಪಿನವರು ಇಂದಿಗೂ ಕೊಳ್ಳುತ್ತಾರೆ. ಮೊಪೆಡ್ಡಿಗೆ ಆ ಭಾಗ್ಯ ಬರಲಿಲ್ಲ.

1970, 80ರ ದಶಕಗಳ ಇಟಲಿಯಲ್ಲಿ 40 ಕಿಲೋಮೀಟರ್ ಮಿತಿಯನ್ನು ಪಾಲಿಸಿದ ಹುಡುಗ ಸಿಗುವುದು ಕಷ್ಟ. ಬೆರ್ಗಮೊ ಬಳಿಯ ಪೊಲಿನಿ, ಬೊಲೊನ್ಯಾದ ಮಲೊಸ್ಸಿ ಮುಂತಾದವರು ವೇಗ ಹೆಚ್ಚಿಸುವ ಸಿಲಿಂಡರ್ ಕಿಟ್ಟು, ದೊಡ್ಡ ಕಾರ್ಬ್ಯುರೇಟರು, ಸೈಲೆನ್ಸರುಗಳನ್ನು ಮಾರಿದರು. ಬಿಡಿಭಾಗದ ಚರಿತ್ರೆಗೆ ಇದರಿಂದ ಎರಡು ಬಗೆಯ ಫಲ ಸಿಕ್ಕಿತು. ಮೂಲ ತಯಾರಕರು ಕೈಚೆಲ್ಲಿದ ಮೇಲೂ ಈ ಕಂಪನಿಗಳು ಸಿಲಿಂಡರು, ಕ್ಲಚ್ಚು, ಬೆಲ್ಟು ಮಾಡುತ್ತಲೇ ಇದ್ದುದರಿಂದ ಹಳೆಯ ಗಾಡಿಗಳು ರಸ್ತೆಯಲ್ಲಿ ಉಳಿದವು. ಇನ್ನೊಂದೆಡೆ, ಕಿಟ್ಟು ಹಾಕುವಾಗ ಬಿಚ್ಚಿದ ಮೂಲ ಸೈಲೆನ್ಸರು, ಮೂಲ ಕಾರ್ಬ್ಯುರೇಟರುಗಳನ್ನು ಹುಡುಗರು ಎಸೆದರು. ರೇಸಿನ ಸೈಲೆನ್ಸರ್ ಹೊಸದೇ ಸಿಗುವಾಗ ಸಾಧಾರಣ ಮೂಲ ಸೈಲೆನ್ಸರಿಗೆ ಊರೂರು ಅಲೆಯುವ ಸ್ಥಿತಿ ಬಂದದ್ದು ಹೀಗೆ.

ಅಮೆರಿಕದ ಪಾತ್ರವೂ ಸಣ್ಣದಲ್ಲ. 1973ರ ತೈಲ ಬಿಕ್ಕಟ್ಟು ಮತ್ತು 1974ರಲ್ಲಿ ಸಡಿಲಗೊಂಡ ನಿಯಮಗಳಿಂದ ಅಲ್ಲಿ ಮೊಪೆಡ್ ಅಲೆ ಎದ್ದಿತು. ಗರೆಲ್ಲಿ, ಪಿಯಾಜ್ಯೊ, ಚಿಮಾತ್ತಿ, ನೆಗ್ರೀನಿ ಗಾಡಿಗಳು ಹಡಗೇರಿದವು. 1980ರ ದಶಕದ ಆರಂಭಕ್ಕೆ ಅಲೆ ಇಳಿದಾಗ ಆಮದುದಾರರ ಉಗ್ರಾಣಗಳಲ್ಲಿ ಭಾಗಗಳು ಪೆಟ್ಟಿಗೆ ಸಮೇತ ಉಳಿದವು. ಆದರೆ ಅಮೆರಿಕಕ್ಕೆ ಹೋದ ಗಾಡಿಗಳನ್ನು ರಾಜ್ಯರಾಜ್ಯದ ವೇಗಮಿತಿಗೆ ತಕ್ಕಂತೆ ಕಟ್ಟಿಹಾಕಿದ್ದರಿಂದ ಅಲ್ಲಿಯ ಕಾರ್ಬ್ಯುರೇಟರ್, ಸೈಲೆನ್ಸರುಗಳು ಇಟಲಿಯವುಗಳಂತೆ ಇರಲಿಲ್ಲ.

ತಾಯ್ನಾಡಿನಲ್ಲಿ ಅವಸಾನ ನಿಧಾನವಾಗಿ ಬಂತು. 1986ರಲ್ಲಿ ಅಪ್ರಾಪ್ತ ಸವಾರರಿಗೆ ಹೆಲ್ಮೆಟ್ ಕಡ್ಡಾಯವಾಯಿತು, 2000ದಲ್ಲಿ ಎಲ್ಲರಿಗೂ. 1999ರಿಂದ ಯುರೋಪಿನ ಹೊಗೆ ನಿಯಮಗಳು ಎರಡು ಸ್ಟ್ರೋಕಿನ ಕತ್ತು ಹಿಡಿದವು. ಪೆಡಲ್ ಇಲ್ಲದ ಆಟೊಮ್ಯಾಟಿಕ್ ಸ್ಕೂಟರು ಹುಡುಗರನ್ನು ಸೆಳೆದುಕೊಂಡಿತು. ಮಲಗೂತಿ 2011ರಲ್ಲಿ ಮುಚ್ಚಿತು. ಮಿನರೆಲ್ಲಿ ಯಮಹಾದ ಕೈಗೆ ಹೋಗಿ 2020ರಲ್ಲಿ ಫಾಂಟಿಕ್‌ಗೆ ಮಾರಾಟವಾಯಿತು. ಬೀದಿಬೀದಿಯ ರಿಪೇರಿ ಅಂಗಡಿಗಳು ಮುಚ್ಚಿದಾಗ ಅಟ್ಟದ ಮೇಲಿನ ಮಾಲು ಹೊರಬಿತ್ತು. ಇದನ್ನು ಇಟಲಿಯವರು ಫೊಂದೊ ದಿ ಮಗಜ್ಜೀನೊ ಎನ್ನುತ್ತಾರೆ, ಉಗ್ರಾಣದ ತಳದ ಸರಕು. ಅದು ಕೈಬದಲಾಗುವ ಜಾಗ ಮೊಸ್ತ್ರಾ ಸ್ಕಾಂಬಿಯೊ, ಅಂದರೆ ಹಳೆಯ ವಾಹನ ಮತ್ತು ಭಾಗಗಳ ಸಂತೆ. ಇಮೋಲಾದಲ್ಲಿ ಕಾರ್ ರೇಸಿನ ಹೆಸರಾಂತ ಪಥದ ಮೇಲೆಯೇ ಸೆಪ್ಟೆಂಬರಿನಲ್ಲಿ ನಡೆಯುವ ಸಂತೆ, ಮಿಲಾನಿನ ಅಂಚಿನ ನೊವೆಗ್ರೊ ಸಂತೆ ಪ್ರಸಿದ್ಧ. ನಮ್ಮ ಸಂತೆಯಂತೆ ಅಲ್ಲೂ ಬೆಳಗ್ಗೆ ಬೇಗ ಹೋದವರಿಗೆ ಮಾಲು, ಸಂಜೆ ಹೋದವರಿಗೆ ದರ.

ಸಂತೆಗೆ ಹೋಗುವ ಮುಂಚೆ ಮಾಡುವ ಕೆಲಸವೊಂದಿದೆ: ಗಾಡಿಯನ್ನು ಬಿಚ್ಚಿ ಅಂಕಿಗಳನ್ನು ಬರೆದುಕೊಳ್ಳುವುದು. ಬೇರಿಂಗಿನ ಮೇಲೆ 6203 ಎಂದಿದ್ದರೆ ಅದು ಒಳಗೆ 17, ಹೊರಗೆ 40, ದಪ್ಪ 12 ಮಿಲಿಮೀಟರ್. ಪ್ರಪಂಚದ ಯಾವ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ, ಮೊಪೆಡ್ ಎಂಬ ಪದ ಎತ್ತಲೇಬೇಕಿಲ್ಲ. ಆಯಿಲ್ ಸೀಲಿನ ಮೇಲೂ ಹೀಗೆಯೇ ಮೂರು ಅಳತೆ ಇರುತ್ತದೆ. ಡೆಲ್ಲೋರ್ತೊ ಕಾರ್ಬ್ಯುರೇಟರಿನ ಮೈಮೇಲೆ ಎಸ್‌ಎಚ್‌ಎ 12/10 ಅಥವಾ 13/13 ಎಂದು ಎರಕದಲ್ಲೇ ಬರೆದಿರುತ್ತದೆ. ಜೆಟ್ಟಿನ ಮೇಲಿನ ಅಂಕಿ ಅದರ ತೂತಿನ ವ್ಯಾಸ, ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ. ಹೀಗೆ ಓದುತ್ತ ಹೋದರೆ ನಿಜವಾಗಿ ಹುಡುಕಬೇಕಾದ ಪಟ್ಟಿ ಚಿಕ್ಕದಾಗುತ್ತದೆ. ಉಳಿಯುವುದು ಗೇರು, ಕ್ರ್ಯಾಂಕ್‌ಕೇಸು, ಪ್ಲಾಸ್ಟಿಕ್ ಮುಚ್ಚಳ, ಟ್ಯಾಂಕಿನ ಲಾಂಛನ. ವಿಚಿತ್ರವೆಂದರೆ ಕೊನೆಯ ಎರಡರಿಂದ ಗಾಡಿ ಓಡುವುದೂ ಇಲ್ಲ, ನಿಲ್ಲುವುದೂ ಇಲ್ಲ. ಆದರೂ ಪೈಪೋಟಿ ಅವಕ್ಕೇ ಹೆಚ್ಚು. ಇಟಲಿಯ ಐತಿಹಾಸಿಕ ವಾಹನಗಳ ದಾಖಲಾತಿಗೆ ಗಾಡಿ ಮೂಲರೂಪದಲ್ಲಿರಬೇಕೆಂಬ ನಿಯಮವೂ ಇದಕ್ಕೆ ತುಪ್ಪ ಸುರಿದಿದೆ.

ಉಗ್ರಾಣದ ತಳದ ಸರಕಿಗೆ ಮಾರುಕಟ್ಟೆಯಲ್ಲಿ ಇರುವ ಮರ್ಯಾದೆ ಎಲ್ಲ ಭಾಗಕ್ಕೂ ಸಲ್ಲುವುದಿಲ್ಲ. ಐವತ್ತು ವರ್ಷ ಪೊಟ್ಟಣದಲ್ಲಿ ಮಲಗಿದ ಉಕ್ಕಿನ ಗೇರು ಹೊಸದೇ. ಅದೇ ಪೊಟ್ಟಣದ ರಬ್ಬರ್ ಸೀಲ್ ಒಣಗಿ ಗಟ್ಟಿಯಾಗಿರುತ್ತದೆ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಸೀಲ್ ಸೋರಿದರೆ ಹೊರಗಾಳಿ ಒಳಬಂದು ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್ ಕಾದು ಸಿಲಿಂಡರಿಗೆ ಹಿಡಿದುಕೊಳ್ಳುತ್ತದೆ. ಎಥನಾಲ್ ಬೆರೆತ ಇಂದಿನ ಪೆಟ್ರೋಲು ಹಳೆಯ ರಬ್ಬರನ್ನು ಇನ್ನೂ ಬೇಗ ತಿನ್ನುವುದರಿಂದ ಸೀಲುಗಳನ್ನು ಈಗಿನ ವಿಟಾನ್ ರಬ್ಬರಿನಲ್ಲೇ ಹಾಕಿಸುವವರು ಹೆಚ್ಚು. ಮ್ಯಾಗ್ನೆಟ್ಟಿನೊಳಗಿನ ಮೂಲ ಕಂಡೆನ್ಸರಂತೂ ಕಾಗದದ ನಿರೋಧಕದ್ದು. ಬಳಸದಿದ್ದರೂ ತೇವ ಹೀರಿ ಸಾಯುತ್ತದೆ. ಗಾಡಿ ಬಿಸಿಯಾದ ಹತ್ತು ನಿಮಿಷಕ್ಕೆ ನಿಂತು, ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಆಗುವ ರೋಗಕ್ಕೆ ಬಹಳ ಸಲ ಮೂಲ ಇದೇ. ಅನುಭವಸ್ಥ ಮೆಕ್ಯಾನಿಕ್‌ಗಳು ಹೊಸ ಕಂಡೆನ್ಸರನ್ನು ಮ್ಯಾಗ್ನೆಟ್ಟಿನ ಹೊರಗೆ, ಬಿಸಿ ತಾಗದ ಕಡೆ ಕಟ್ಟಿ ವೈರು ಎಳೆಯುತ್ತಾರೆ. ಹಳೆಯ ಕಂಡೆನ್ಸರಿನ ಖಾಲಿ ಡಬ್ಬಿಯನ್ನು ಮಾತ್ರ ಅದರ ಜಾಗದಲ್ಲೇ ಬಿಟ್ಟಿರುತ್ತಾರೆ, ಬಿಚ್ಚಿ ನೋಡಿದವರಿಗೆ ಮೂಲದಂತೆಯೇ ಕಾಣಲಿ ಎಂದು.