ಅಮೃತಮಹಲ್ ದನಗಳ ಬೆದರು: ವಂಶಗುಣ, ವಯಸ್ಸು ಮತ್ತು ಕಾವಲಿನ ಬದುಕು

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಕಂದಾಯ ದಾಖಲೆಗಳಲ್ಲಿ 'ಅಮೃತಮಹಲ್ ಕಾವಲು' ಎಂಬ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಈ ಹುಲ್ಲುಗಾವಲುಗಳಲ್ಲಿ ಬೆಳೆದ ದನಗಳ ಚರಿತ್ರೆಯನ್ನು ಸಾಮಾನ್ಯವಾಗಿ ಸೈನಿಕ ಚರಿತ್ರೆಯ ಅಂಗವಾಗಿ ಬರೆಯಲಾಗಿದೆ. ಹೈದರಾಲಿ ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿನಗಳಲ್ಲಿ ನೂರು ಮೈಲಿ ಸಾಗಿದ ಪ್ರಸಂಗ ಎಲ್ಲರಿಗೂ ತಿಳಿದದ್ದೇ. ಆದರೆ ಆ ವೇಗದ ಬೆನ್ನಿಗೇ ಇದ್ದ ಇನ್ನೊಂದು ಗುಣದ, ಎಂದರೆ ಈ ದನಗಳ ವಿಪರೀತ ಬೆದರಿನ ವಿಚಾರ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. 1799ರ ಅನಂತರ ಕ್ಷೀಣಿಸಿದ ಹಿಂಡುಗಳನ್ನು 1813ರಲ್ಲಿ ಕಂಪನಿ ಸೇನೆಯ ಕ್ಯಾಪ್ಟನ್ ಹಾರ್ವೆ ವಹಿಸಿಕೊಂಡನು. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಇಲಾಖೆಯನ್ನೇ ವಿಸರ್ಜಿಸಿ, ಅದು ತಪ್ಪೆಂದು ಅರಿವಾಗಿ 1866ರಲ್ಲಿ ಪುನಃ ಸ್ಥಾಪಿಸಲಾಯಿತು.

ಬೇಸಿಗೆ, ಮಳೆಗಾಲ ಹಾಗೂ ಚಳಿಗಾಲಗಳಿಗೆ ಬೇರೆ ಬೇರೆ ಕಾವಲುಗಳಿದ್ದು, ಹಿಂಡು ವರ್ಷವಿಡೀ ಬಯಲಿನಲ್ಲೇ ಇರುತ್ತಿತ್ತು. ಕೊಟ್ಟಿಗೆಯ ಪರಿಚಯವಾಗಲಿ ಮನುಷ್ಯರ ನಿತ್ಯದ ಕೈಸ್ಪರ್ಶವಾಗಲಿ ಇಲ್ಲದ ಕರುವಿಗೆ ಕಾವಲುಗಾರನನ್ನು ಬಿಟ್ಟು ಉಳಿದವರೆಲ್ಲ ಅಪರಿಚಿತರೇ. ತೋಳಗಳು ತಿರುಗುವ ನೆಲದಲ್ಲಿ ಸಣ್ಣ ಸದ್ದಿಗೂ ಕಿವಿ ನಿಗುರಿಸುವ ಕರು ಉಳಿಯುವ ಸಂಭವವೇ ಹೆಚ್ಚು ಎಂದು ಊಹಿಸಬಹುದು. ಬಿ. ಎಲ್. ರೈಸ್ ಸಂಪಾದಿಸಿದ ಮೈಸೂರು ಗೆಜೆಟಿಯರಿನ ವಿವರಣೆಯನ್ನು ಈ ದೃಷ್ಟಿಯಿಂದ ಓದಿದರೆ ಅದು ಬೆದರನ್ನು ವಯಸ್ಸಿಗೆ ತಕ್ಕಂತೆ ನಿಭಾಯಿಸುವ ಕ್ರಮವೆಂದೇ ತೋರುತ್ತದೆ. ಹೋರಿಕರುಗಳಿಗೆ ಒಂದು ವರ್ಷ ತುಂಬುವ ಮೊದಲೇ ಬೀಜ ಒಡೆಸುತ್ತಿದ್ದರು. ನಾಲ್ಕು ವರ್ಷದ ಮೇಲೆ ಹಿಂಡಿನಿಂದ ಬೇರ್ಪಡಿಸುತ್ತಿದ್ದರು. ಎತ್ತು ಏಳನೆಯ ವರ್ಷಕ್ಕೆ ಪೂರ್ಣಬಲಕ್ಕೆ ಬಂದು, ಹನ್ನೆರಡರವರೆಗೆ ಕಸುವು ಉಳಿಸಿಕೊಂಡು, ಹದಿನಾಲ್ಕು ಹದಿನೈದರವರೆಗೆ ದುಡಿಯುತ್ತಿತ್ತು. ಪಳಗಿಸುವ ಕೆಲಸ ಸುಲಭದ್ದಲ್ಲ. ದೊಡ್ಡಿಗೆ ಅಟ್ಟಿ, ಕುಣಿಕೆ ಹಾಕಿ, ಬಲವಾದ ಕಂಬಕ್ಕೆ ಕಟ್ಟಿ, ಕೊನೆಗೆ ಪಳಗಿದ ಎತ್ತಿನ ಜೊತೆಗೆ ಕಟ್ಟಿ ನಡೆಸಬೇಕಾಗಿತ್ತು. ಅನುಭವಿ ಜೋಡಿಯ ನಿರ್ಭಯವನ್ನು ಕಂಡು ಎಳೆಯದು ಕಲಿಯಲೆಂಬುದೇ ಇದರ ಮರ್ಮ.

ಈ ಬೆದರು ರಕ್ತದ್ದೋ, ಬೆಳೆಸಿದ ರೀತಿಯದೋ? ಇಂಥ ಪ್ರಶ್ನೆಯನ್ನು ಪ್ರಯೋಗಾಲಯಗಳು ಇಲಿಗಳ ಮೇಲೆ ಪರೀಕ್ಷಿಸಿವೆ. ಹಠಾತ್ ಸದ್ದಿಗೆ ಇಲಿ ಬೆಚ್ಚುವುದು ಇಚ್ಛೆಗೆ ಸಿಲುಕದ, ಕ್ಷಣಾರ್ಧದ ಕ್ರಿಯೆ. ಒಳಸಂತಾನದ ಒಂದು ತಳಿಗೂ ಇನ್ನೊಂದಕ್ಕೂ ಅದರ ತೀವ್ರತೆಯಲ್ಲಿ ವ್ಯತ್ಯಾಸವಿದೆ. ಅಷ್ಟರಿಂದಲೇ ಅಂಜುಬುರುಕ ತಳಿ, ಧೀರ ತಳಿ ಎಂದು ವಿಂಗಡಿಸುವುದು ಆತುರವಾಗುತ್ತದೆ. 'ಡಿಬಿಎ/2' ತಳಿಯ ಇಲಿಗಳು ಎಳೆಯ ವಯಸ್ಸಿನಲ್ಲೇ ಶ್ರವಣಶಕ್ತಿ ಕಳೆದುಕೊಳ್ಳುತ್ತವೆ. 'ಸಿ57 ಬ್ಲ್ಯಾಕ್ 6' ತಳಿಯಲ್ಲಿ ಕ್ಯಾಡ್ಹೆರಿನ್ 23 ಎಂಬ ಜೀನಿನ ದೋಷದಿಂದ ಕಿವುಡು ವಯಸ್ಸಿನೊಂದಿಗೆ ನಿಧಾನವಾಗಿ ಬರುತ್ತದೆ. ಬೆಚ್ಚದ ಮುದಿ ಇಲಿಗೆ ಧೈರ್ಯ ಬಂದಿರಬೇಕೆಂದಿಲ್ಲ, ಅದಕ್ಕೆ ಸದ್ದೇ ಕೇಳಿಸದಿರಬಹುದು. ದನದ ಒರಟುತನವೂ ಇಲಿಯ ಬೆಚ್ಚುವಿಕೆಯೂ ಒಂದೇ ಅಲ್ಲವಾದರೂ, ಈ ಎಚ್ಚರ ದನಗಳ ವಿಷಯಕ್ಕೂ ಅನ್ವಯಿಸುತ್ತದೆ. ಏಳು ವರ್ಷದ ಎತ್ತಿನ ಶಾಂತತೆಗೆ ರೂಢಿ ಕಾರಣ. ಹದಿನೈದರ ಎತ್ತಿನಲ್ಲಿ ಇಂದ್ರಿಯಗಳ ಸೋಲೂ ಅದಕ್ಕೆ ಸೇರಿರಬಹುದು.

ಪ್ರಶ್ನೆಯ ಇನ್ನೊಂದು ಮಗ್ಗುಲನ್ನು ಹಳ್ಳಿಕಾರ್ ತಳಿ ಒದಗಿಸುತ್ತದೆ. ಅಮೃತಮಹಲಿನ ಮೂಲಗಳಲ್ಲಿ ಹಳ್ಳಿಕಾರ್ ಮುಖ್ಯವಾದುದು. ಹಾಗಲವಾಡಿ ಮತ್ತು ಚಿತ್ರದುರ್ಗದ ದನಗಳೂ ಅದಕ್ಕೆ ಸೇರಿದ್ದವು. ಹಳ್ಳಿಕಾರ್ ಕರು ರೈತನ ಮನೆಯ ಮುಂದೆ, ಮಕ್ಕಳ ಕೈಯಲ್ಲಿ ಬೆಳೆಯುತ್ತದೆ. ಅದರಲ್ಲೂ ಚುರುಕುಂಟು, ಕೆಲವೊಮ್ಮೆ ಹಾಯುವುದೂ ಉಂಟು. ಆದರೂ ಕಂಬಕ್ಕೆ ಬಿಗಿದು ಪಳಗಿಸಬೇಕಾದ ಪ್ರಮೇಯ ಸಾಮಾನ್ಯವಾಗಿ ಬಾರದು. ರಕ್ತ ಇಷ್ಟು ಸಮೀಪವಿದ್ದೂ ನಡತೆ ಇಷ್ಟು ದೂರವಾಗಿದ್ದರೆ, ಅಮೃತಮಹಲಿನ ಬೆದರಿನಲ್ಲಿ ಕಾವಲಿನ ಪಾಲು ಸಣ್ಣದಲ್ಲ. ಚುರುಕು ವಂಶದಿಂದ ಬಂದಿರಬಹುದು, ಅದನ್ನು ಬೆದರಾಗಿಸಿದ್ದು ಮನುಷ್ಯನಿಂದ ದೂರವಾದ ಬಾಲ್ಯ ಎನ್ನುವುದೇ ಹೆಚ್ಚು ಸಮಂಜಸ.

ಈ ನಿರ್ಣಯಕ್ಕೆ ವ್ಯಾವಹಾರಿಕ ಮಹತ್ವವೂ ಇದೆ. ಹಿಂದೆ ತರೀಕೆರೆ ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಅಜ್ಜಂಪುರದ ತಳಿ ಸಂವರ್ಧನ ಕೇಂದ್ರದಲ್ಲಿ ಹೋರಿಕರುಗಳ ಹರಾಜು ನಡೆಯುತ್ತದೆ. ಅಲ್ಲಿಂದ ಕೊಂಡ ಕರುವನ್ನು ರೈತ ತಾನೇ ಪಳಗಿಸಬೇಕು. ಟ್ರ್ಯಾಕ್ಟರ್ ಬಂದ ಮೇಲೆ ಅಷ್ಟು ತಾಳ್ಮೆ, ಅಷ್ಟು ಕೈಗಳು ಎಲ್ಲ ಮನೆಗಳಲ್ಲೂ ಇಲ್ಲ. ಬೆದರನ್ನು ಜಾತಿದೋಷವೆಂದು ಬಗೆದು ಸೌಮ್ಯವಾದವನ್ನಷ್ಟೇ ಆರಿಸುತ್ತ ಹೋದರೆ ನಡಿಗೆಯ ಚುರುಕೂ ಕೈತಪ್ಪೀತು. ಕರುವಿಗೆ ಮೊದಲ ತಿಂಗಳುಗಳಿಂದಲೇ ಮನುಷ್ಯರ ಕೈ ರೂಢಿಸಿದರೆ ಅಷ್ಟು ನಷ್ಟವಿಲ್ಲ. ಅದಕ್ಕೆ ಬೇಕಾದುದು ಹಿಂಡಿನ ಜೊತೆಗೇ ಬಾಳುವ, ಕರುಗಳ ಗುರುತು ಬಲ್ಲ ಕಾವಲುಗಾರರು.