ಗಾಲಿ ಮನಿಯ ಸರಿಯೋ ಬಾಗಲಾ

ಅಮೇರಿಕಾದಾಗ ಆರು ತಿಂಗಳು ಇದ್ದು ಏನು ನೋಡಿ ಬಂದ್ರಿ ಅಂತ ಓಣ್ಯಾಗಿನ ವೈನಿಯವರು ಕೇಳ್ತಾರ. ನಾ ಹೇಳೋದು ಒಂದ: ಕಪಾಟಿನ ಬಾಗಲಾ!

ಓಹಾಯೋದಾಗ ನಮ್ಮ ಅಳಿಯಂದ್ರು 1950ರ ದಶಕದ ಹಳೇ ಟ್ರೇಲರ್ ತಂದಾರ. ಕಾರಿನ ಹಿಂದ ಕಟ್ಟಿ ಎಳಕೊಂಡು ಹೋಗೋ ಗಾಲಿ ಮನಿ. ಮ್ಯಾಲಿಂದ ನೀರು ಸೋರಿ ಕಪಾಟಿನ ಬಾಗಲಾ ಕೊಳತಿದ್ದವು. ‘ಬಿಜಾಗರಿ ಹಚ್ಚಿ ಹೊಸಾವು ಕೂಡಸ್ರಿ’ ಅಂದೆ. ‘ಅತ್ತಿ, ಒಲಿ ಮುಂದ ನಿಂತು ನೋಡ್ರಿ’ ಅಂದ್ರು. ನಿಂತೆ. ಹಿಂದ ಸರಿಲಿಕ್ಕೆ ಜಾಗಾನ ಇಲ್ಲ. ಬಾಗಲಾ ಮುಂದಕ್ಕ ತೆರದ್ರ ನನ್ನ ಹಣೀಗೇ ಬಡೀತದ. ರಸ್ತೆದಾಗ ಗಾಡಿ ಕುಲಕಿದ್ರ ತಾನ ತೆರದು ಭಾಂಡೆ ಬೀಳ್ತಾವ. ಅದಕ್ಕ ಆಗಿನವರು ಸರಿಯೋ ಬಾಗಲಾ ಮಾಡಿದ್ರು.

ಈ ಗಾಲಿ ಮನಿ ಬರೇ ಪ್ರವಾಸದ ಶೋಕಿ ಅಲ್ಲ. 1930ರ ದಶಕದ ಬಡತನದಾಗ ಎಷ್ಟೋ ಮಂದಿಗೆ ಅದ ಮನಿ. ಎರಡನೇ ಮಹಾಯುದ್ಧದಾಗ ಕಾರ್ಖಾನಿ ಕೆಲಸಗಾರರ ಸಂಸಾರ ಇದರಾಗ ನಡದಾವ. ಶಾಸ್ತಾ ಕಂಪನಿ 1941ರಾಗ ಶುರು ಆಗಿದ್ದೇ ಸೈನಿಕರಿಗೆ ಇರಲಿಕ್ಕೆ ಮನಿ ಮಾಡಲಿಕ್ಕೆ. ಟಲ್ಸಾ ಊರಿನ ಸ್ಪಾರ್ಟನ್ ವಿಮಾನ ಕಂಪನಿ ಯುದ್ಧ ಮುಗದ ಮ್ಯಾಲೆ ಟ್ರೇಲರ್ ಕಟ್ಟಲಿಕ್ಕೆ ಹತ್ತಿತು.

ಎಳಿಯೋ ಮನಿ ಹಗುರ ಇರಬೇಕು. ಅದಕ್ಕ ಒಳಗೆಲ್ಲಾ ತೆಳು ಪ್ಲೈವುಡ್. ಇಲ್ಲಾ ವಿಲಿಯಂ ಮೇಸನ್ 1924ರಾಗ ಕಂಡುಹಿಡಿದ ಮೇಸೊನೈಟ್, ಕಟಗಿ ನಾರು ಒತ್ತಿ ಮಾಡಿದ ಹಲಗಿ. ಕಾಲಿಂಚಿನ ಹಲಗ್ಯಾಗ ಬಿಜಾಗರಿ ಸ್ಕ್ರೂ ಗಟ್ಟಿ ನಿಲ್ಲಂಗಿಲ್ಲ. ಸಂದಿನಾಗ ಮಾತ್ರ ಚಂದ ಜಾರ್ತದ.

ಯುಕ್ತಿ ಇಷ್ಟ. ಕೆಳಗಿನ ಕಟಗ್ಯಾಗ ಕಾಲಿಂಚು ಆಳದ ಸಂದು, ಮ್ಯಾಲಿಂದರಾಗ ಅರ್ಧ ಇಂಚು. ಬಾಗಲಾ ಮೊದಲ ಮ್ಯಾಲೆ ತೂರಿಸಿ, ಎತ್ತಿ, ಕೆಳಗಿನ ಸಂದಿನಾಗ ಇಳಿಸಬೇಕು. ಜಪಾನಿನ ಮನಿಗಳ ಸರಿಯೋ ಬಾಗಲಾನೂ ಹಿಂಗ, ಭಾಳ ಹಳೇ ಪದ್ಧತಿ. ಎರಡು ಬಾಗಲಾ ಒಂದರ ಹಿಂದ ಒಂದು ಹಾಯಬೇಕಲ್ಲ, ಹಿಡಿಕಿ ಹಚ್ಚಿದ್ರ ತಡೀತದ. ಅದಕ್ಕ ಬೆರಳು ಹೋಗೋ ಅಷ್ಟು ದುಂಡನ ತೂತು.

ಅಳಿಯಂದ್ರು ಹಳೇ ಬಾಗಲದ ಅಳತಿ ತಗೊಂಡು ಹೊಸಾವು ಮಾಡಿದ್ರು. ಛಂದ ಕೂತವು. ಆಮ್ಯಾಲೆ ಎರಡು ಸಲ ವಾರ್ನಿಶ್ ಹಚ್ಚಿದ್ರು, ಜುಲೈದ ಕಸಿವಿಸಿ ಸೆಕಿ ಬಂತು. ದಪ್ಪಾಗಿ ಬಾಗಲಾ ಅಳ್ಳಾಡಲಿಲ್ಲ. ಹದಿನೈದು ದಿನದ ಕೆಲಸ! ಮಗಳ ಕಣ್ಣಾಗ ನೀರು. ಮಳಿಗಾಲದಾಗ ನಮ್ಮವ್ವ ಬಿಗದ ಡ್ರಾವರಿಗೆ ಮೇಣಬತ್ತಿ ತಿಕ್ಕತಿದ್ಲು, ನೆನಪಾತು. ಅಂಚು ಉಜ್ಜುಕಾಗದಲೆ ತಿಕ್ಕಿ, ಸಂದಿಗೆ ಮೇಣ ಹಚ್ಚಿದ್ವಿ. ಒಂದ ಬೆರಳಿಗೆ ಸರೀತು.

ಹಳೇ ಬಾಗಲಾ ಒಗೀಲಿಕ್ಕೆ ಹೊಂಟಿದ್ರು. ಬೆರಳಿನ ತೂತಿನ ಅಂಚು ಒಂದ ಕಡೆ ಸವದು ನುಣ್ಣಗ ಆಗಿತ್ತು. ಕಂಪನಿಗಳ ಹೆಸರು ಪುಸ್ತಕದಾಗ ಅವ, ಆ ಒಲಿ ಮುಂದ ನಿಂತು ಅಡಗಿ ಮಾಡಿದಾಕಿ ಹೆಸರು ಎಲ್ಲೂ ಇಲ್ಲ. ‘ಇದೊಂದು ಇಟಗೋರಿ’ ಅಂದೆ. ಇಟಗೊಂಡಾರ.

ನಿಮ್ಮ ಶೋಕೇಸಿನ ಗಾಜು ಬಿಗದಿದ್ರ ಸಂದು ಒರಸಿ ಮೇಣಬತ್ತಿ ತಿಕ್ಕಿ ನೋಡ್ರಿ, ವೈನಿ.